ಆಟಕ್ಕುಂಟು, ಲೆಕ್ಕಕ್ಕಿಲ್ಲ: ಮ್ಯೂಟೂನನ್ನು ರಿಪೇರಿ ಮಾಡಿದ ಕಥೆ

(ಗೇಮ್ ಆಡುವ ಮತ್ತು ಗೇಮ್ ಮಾಡುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅವತ್ತು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬಾಯಿಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚಿಕ್ಕವರಿದ್ದಾಗ ನೀವೆಲ್ಲ ಲಗೋರಿ, ಮುಟ್ಟಾಟ, ಕಣ್ಣಾಮುಚ್ಚಾಲೆ ಆಡಿರುತ್ತೀರಿ. ದೊಡ್ಡ ಹುಡುಗರು ಆಡುವಾಗ ಯಾರದೋ ಮನೆಯ ನಾಲ್ಕು ವರ್ಷದ ಪುಟಾಣಿ ನಾನೂ ಬರ್ತೀನಿ ಅಂತ ಅಳುತ್ತದೆ. ಸರಿ, ಸೇರಿಸಿಕೊಳ್ಳುತ್ತೇವೆ. ಅದು ಓಡುತ್ತದೆ, ಕೂಗುತ್ತದೆ. ಆದರೆ ಔಟಾದರೂ ಔಟಲ್ಲ, ಯಾರನ್ನಾದರೂ ಮುಟ್ಟಿದರೂ ಮುಟ್ಟಿದ ಹಾಗಲ್ಲ. ಅಂಥ ಮಗುವಿಗೆ ನಮ್ಮಲ್ಲಿ ಒಂದು ಹೆಸರೇ ಇದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಫೈಟಿಂಗ್ ಗೇಮ್‌ಗಳಲ್ಲೂ ಅಂಥ ಪಾತ್ರಗಳು ಇರುತ್ತವೆ. ಆಯ್ಕೆಯ ಪರದೆಯಲ್ಲಿ ಅವುಗಳ ಮುಖ ಇರುತ್ತದೆ, ಹೆಸರಿರುತ್ತದೆ, ಚೆಂದದ ಬಟ್ಟೆ ಇರುತ್ತದೆ. ಆದರೆ ಗೆಲ್ಲಬೇಕು ಅಂತ ಬಂದವರು ಯಾರೂ ಅವುಗಳ ಮೇಲೆ ಬೆರಳಿಡುವುದಿಲ್ಲ. ಅಂಥ ಒಂದು ಪಾತ್ರವನ್ನು ಅಭಿಮಾನಿಗಳೇ ಕೂತು ಲೆಕ್ಕಕ್ಕೆ ತಂದ ಕಥೆಯನ್ನು ಇವತ್ತು ಹೇಳುತ್ತೇನೆ. ಪಾತ್ರದ ಹೆಸರು ಮ್ಯೂಟೂ, ಪೊಕೆಮಾನ್ ಲೋಕದಿಂದ ಬಂದವನು. ಅಭಿಮಾನಿಗಳು ಕಟ್ಟಿದ ಮಾಡ್‌ನ, ಅಂದರೆ ಇರುವ ಆಟವನ್ನೇ ತಿದ್ದಿ ಮಾಡಿದ ರೂಪದ, ಹೆಸರು ಪ್ರಾಜೆಕ್ಟ್ ಎಂ.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಸೂಪರ್ ಸ್ಮ್ಯಾಶ್ ಬ್ರದರ್ಸ್ ಅನ್ನುವುದು ನಿಂಟೆಂಡೊ ಆಟ. ಮಾರಿಯೊ, ಪಿಕಾಚು, ಲಿಂಕ್ ಹೀಗೆ ಬೇರೆ ಬೇರೆ ಗೇಮ್‌ಗಳವರು ಒಂದೇ ಅಂಗಳಕ್ಕೆ ಬಂದು ಹೊಡೆದಾಡುತ್ತಾರೆ. ಇಲ್ಲಿ ಏಟು ತಿಂದ ಹಾಗೆಲ್ಲ ನಿಮ್ಮ ಶೇಕಡಾ ಏರುತ್ತದೆ. ಶೇಕಡಾ ಏರಿದಷ್ಟೂ ಮುಂದಿನ ಏಟಿಗೆ ದೂರ ಹಾರುತ್ತೀರಿ. ಅಂಗಳದ ಆಚೆ ಹೋಗಿ ಬಿದ್ದರೆ ಒಂದು ಜೀವ ಹೋಯಿತು. ಹಾರಿ ಹೋದವರು ವಾಪಸ್ ಅಂಗಳಕ್ಕೆ ಬಂದು ಸೇರುವುದೇ ಈ ಆಟದ ಅರ್ಧ ಭಾಗ. ಅದನ್ನು ರಿಕವರಿ ಅನ್ನುತ್ತಾರೆ.

ಈ ಸರಣಿಯ ಎರಡನೇ ಆಟ ಮೆಲೀ. 2001 ರ ನವೆಂಬರ್‌ನಲ್ಲಿ ಜಪಾನಿನಲ್ಲಿ ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರಕ್ಕೆ ಬಂತು. ಅದರಲ್ಲಿ ಮ್ಯೂಟೂ ಬಚ್ಚಿಟ್ಟ ಪಾತ್ರ. ಅವನನ್ನು ಪಡೆಯಬೇಕಾದರೆ ಆಟಗಾರರೆಲ್ಲರ ಸಮಯ ಒಟ್ಟು ಸೇರಿ 20 ಗಂಟೆ ವರ್ಸಸ್ ಮೋಡ್‌ನಲ್ಲಿ, ಅಂದರೆ ಒಬ್ಬರ ಎದುರು ಒಬ್ಬರು ಆಡುವ ವಿಭಾಗದಲ್ಲಿ, ಆಡಿರಬೇಕು. ನಾಲ್ಕು ಕಂಟ್ರೋಲರ್ ಸಿಕ್ಕಿಸಿ ಆಡಿದರೆ 5 ಗಂಟೆಗೆ ಆಗುತ್ತದೆ. ಒಬ್ಬರೇ ಆದರೆ ಪೂರ್ತಿ 20 ಗಂಟೆ. ಪೊಕೆಮಾನ್‌ನ ಮೊದಲ ಆಟಗಳಲ್ಲಿ ಮ್ಯೂಟೂಗಿಂತ ಬಲಶಾಲಿ ಇನ್ನೊಬ್ಬ ಇರಲಿಲ್ಲ. ಹಾಗಾಗಿ ಮಕ್ಕಳು ಆಸೆಯಿಂದ ಕಾದರು. ಅವನು ಬಂದ. ಆಡಿ ನೋಡಿದರೆ ಆಟದ ಅತ್ಯಂತ ದುರ್ಬಲರ ಸಾಲಿನಲ್ಲಿ ನಿಂತಿದ್ದ.

ಯಾಕೆ ದುರ್ಬಲ? ಇಲ್ಲಿ ಸ್ವಲ್ಪ ಹತ್ತಿರ ಹೋಗಿ ನೋಡೋಣ. ರಿಪೇರಿ ಮಾಡುವವರು ಎಲ್ಲಿ ಕೈಹಾಕಬೇಕು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಮೆಲೀಯಲ್ಲಿ ಪ್ರತಿ ಪಾತ್ರಕ್ಕೂ ತೂಕ ಅಂತ ಒಂದು ಸಂಖ್ಯೆ ಇದೆ. ಮಾರಿಯೊ 100. ಆಮೆಚಿಪ್ಪಿನ ರಾಕ್ಷಸ ಬೌಸರ್ 117. ಕತ್ತಿ ಹಿಡಿದ ತೆಳ್ಳಗಿನ ರಾಜಕುಮಾರ ಮಾರ್ತ್ 87. ಮ್ಯೂಟೂ 85. ಪೊಕೆಮಾನ್ ಪುಸ್ತಕದಲ್ಲಿ ಮ್ಯೂಟೂ 2 ಮೀಟರ್ ಎತ್ತರ, 122 ಕಿಲೊ ತೂಕ. ಮೆಲೀಯಲ್ಲಿ ಅವನ ಎತ್ತರ ಹಾಗೇ ಉಳಿಯಿತು, ತೂಕ ಮಾತ್ರ ಮಾರ್ತ್‌ಗಿಂತ ಕಮ್ಮಿ ಆಯಿತು.

ಈ ತೂಕ ಏನು ಮಾಡುತ್ತದೆ ಗೊತ್ತಾ? ಏಟು ಬಿದ್ದಾಗ ಎಷ್ಟು ದೂರ ಹಾರಬೇಕು ಅನ್ನುವ ಲೆಕ್ಕದಲ್ಲಿ ಒಂದು ಭಾಗಾಕಾರ ಬರುತ್ತದೆ. ತೂಕಕ್ಕೆ 100 ಕೂಡಿಸಿ, ಅದರಿಂದ 200 ನ್ನು ಭಾಗಿಸುತ್ತಾರೆ. ಮಾರಿಯೊಗೆ ಸರಿಯಾಗಿ 1 ಬರುತ್ತದೆ. ಅವನೇ ಅಳತೆಗೋಲು. ಬೌಸರ್‌ಗೆ 0.92. ಮ್ಯೂಟೂಗೆ 1.08. ನೋಡಲು ಸಣ್ಣ ವ್ಯತ್ಯಾಸ, ಅಲ್ವಾ? ಆದರೆ ಇದು ಪ್ರತಿ ಏಟಿಗೂ, ಇಡೀ ಪಂದ್ಯದ ಉದ್ದಕ್ಕೂ ಲೆಕ್ಕಕ್ಕೆ ಬರುತ್ತದೆ. ಎತ್ತರ ಇರುವುದರಿಂದ ಮ್ಯೂಟೂಗೆ ಏಟು ಸುಲಭವಾಗಿ ತಗಲುತ್ತದೆ. ಹಗುರ ಇರುವುದರಿಂದ ತಗಲಿದ ಏಟಿಗೆ ಬೇಗ ಹಾರಿ ಹೋಗುತ್ತಾನೆ. ಎರಡೂ ಕಡೆಯಿಂದ ನಷ್ಟ.

ಇನ್ನು ಅವನ ಬಾಲ. ಮ್ಯೂಟೂನ ಬಹಳಷ್ಟು ಹೊಡೆತಗಳು ಉದ್ದನೆಯ ಬಾಲದಿಂದಲೇ. ಚೆನ್ನಾಗಿ ದೂರ ತಲುಪುತ್ತವೆ. ಆದರೆ ಈ ಆಟದಲ್ಲಿ ಎರಡು ಥರದ ಕಾಣದ ಗೋಳಗಳಿವೆ. ಒಂದು ಹಿಟ್‌ಬಾಕ್ಸ್, ಅಂದರೆ ಹೊಡೆಯುವ ಜಾಗ. ಇನ್ನೊಂದು ಹರ್ಟ್‌ಬಾಕ್ಸ್, ಅಂದರೆ ಏಟು ತಗಲುವ ಜಾಗ. ಮಾರ್ತ್‌ನ ಕತ್ತಿಯ ಮೇಲೆ ಹಿಟ್‌ಬಾಕ್ಸ್ ಮಾತ್ರ ಇದೆ. ಕತ್ತಿಗೆ ಹೊಡೆದರೆ ಮಾರ್ತ್‌ಗೆ ನೋವಾಗುವುದಿಲ್ಲ. ಮ್ಯೂಟೂನ ಬಾಲದ ಮೇಲೆ ಹರ್ಟ್‌ಬಾಕ್ಸ್ ಕೂಡ ಇದೆ, ಯಾಕೆಂದರೆ ಬಾಲ ಅವನ ಮೈಯದೇ ಭಾಗ. ಹೀಗಾಗಿ ಅವನು ಬಾಲ ಚಾಚಿದಾಗಲೆಲ್ಲ ಎದುರಾಳಿಯ ಕತ್ತಿಯ ದಾರಿಗೆ ತನ್ನ ಮೈಯನ್ನೇ ಒಡ್ಡಿದ ಹಾಗೆ.

ಕನ್‌ಫ್ಯೂಷನ್ ಅಂತ ಇನ್ನೊಂದು ವಿದ್ಯೆ ಇದೆ. ಎದುರಾಳಿಯನ್ನು ಗಾಳಿಯಲ್ಲಿ ತಿರುಗಿಸಿ ಕೆಡವುತ್ತಾನೆ. ಎಸೆದ ಅಸ್ತ್ರಗಳನ್ನೂ ವಾಪಸ್ ತಿರುಗಿಸುತ್ತಾನೆ. ಆದರೆ ಮೆಲೀಯಲ್ಲಿ ಹಾಗೆ ತಿರುಗಿಸಿದ ಅಸ್ತ್ರ ಮ್ಯೂಟೂನದಾಗುವುದಿಲ್ಲ. ಎಸೆದವರದ್ದಾಗಿಯೇ ಉಳಿಯುತ್ತದೆ. ಅವರಿಗೆ ಅದು ತಗಲುವುದೇ ಇಲ್ಲ. ಅಂದರೆ ಗುಂಡು ಸುಮ್ನೆ ದಿಕ್ಕು ಬದಲಿಸಿ ಹೋಗುತ್ತದೆ. ಒಂದು ಪಾತ್ರವನ್ನು ಪ್ರೀತಿಸುವವರಿಗೆ ಇಂಥ ಸಣ್ಣ ಸಂಗತಿಗಳೇ ಜಾಸ್ತಿ ನೋವು ಕೊಡುತ್ತವೆ.

2008 ರಲ್ಲಿ ನಿಂಟೆಂಡೊದ ವೀ ಯಂತ್ರಕ್ಕೆ ಸರಣಿಯ ಮುಂದಿನ ಆಟ ಬ್ರಾಲ್ ಬಂತು. ಅದರಲ್ಲಿ ಮ್ಯೂಟೂ ಇರಲೇ ಇಲ್ಲ. ಲುಕಾರಿಯೊ ಅನ್ನುವ ಬೇರೆ ಪೊಕೆಮಾನ್ ಬಂತು. ಆಮೇಲೆ ಡಿಸ್ಕ್‌ನ ಒಳಗೆ ಇಣುಕಿದವರಿಗೆ ಮ್ಯೂಟೂ ಮತ್ತು ಮೆಲೀಯ ಇನ್ನೊಬ್ಬ ಕತ್ತಿವೀರ ರಾಯ್ ಹೆಸರಿನ ಕುರುಹುಗಳು ಸಿಕ್ಕವು. ಯಾವುದೋ ಹಂತದಲ್ಲಿ ಸೇರಿಸಬೇಕು ಅಂದುಕೊಂಡು ಬಿಟ್ಟಿದ್ದರು ಅಂತ ಕಾಣುತ್ತದೆ.

ಬ್ರಾಲ್ ತುಂಬ ಜನ ಆಡಿದ ಆಟ. ಆದರೆ ಮೆಲೀಯನ್ನು ಪಂದ್ಯವಾಗಿ ಆಡುತ್ತಿದ್ದವರಿಗೆ ಅದು ಬೇರೆಯೇ ಜಗತ್ತು. ಓಡಲು ಶುರು ಮಾಡಿದಾಗ ಸುಮಾರು ನೂರಕ್ಕೆ ಒಂದು ಸಲ ಪಾತ್ರ ತಾನಾಗಿಯೇ ಎಡವಿ ಬೀಳುತ್ತದೆ. ನಿಮ್ಮದೇನೂ ತಪ್ಪಿಲ್ಲ, ಆಟವೇ ಬೀಳಿಸುತ್ತದೆ. ಏಟು ತಿಂದ ಮೇಲೆ ಮೈ ನಿಶ್ಚಲವಾಗುವ ಹೊತ್ತಿಗೆ ಹಿಟ್‌ಸ್ಟನ್ ಅನ್ನುತ್ತಾರೆ. ಮೆಲೀಯಲ್ಲಿ ಜೋರಾದ ಏಟಿಗೆ 40 ಫ್ರೇಮ್ ಹಿಟ್‌ಸ್ಟನ್ ಇದ್ದರೆ, 40 ಫ್ರೇಮ್ ಮುಗಿಯುವ ತನಕ ನಿಮ್ಮ ಕೈಲಿ ಏನೂ ಇಲ್ಲ. ಫ್ರೇಮ್ ಅಂದರೆ ಪರದೆಯ ಮೇಲೆ ಬಂದುಹೋಗುವ ಒಂದು ಚಿತ್ರ, ಸೆಕೆಂಡಿಗೆ 60 ಫ್ರೇಮ್ ಅಂತ ಲೆಕ್ಕ. ಬ್ರಾಲ್‌ನಲ್ಲಿ 13 ನೇ ಫ್ರೇಮಿಗೇ ಗಾಳಿಯಲ್ಲಿ ತಪ್ಪಿಸಿಕೊಳ್ಳಬಹುದು. ಒಂದರ ಹಿಂದೆ ಒಂದು ಏಟು ಪೋಣಿಸುವ ಕಾಂಬೊಗಳು ಇದರಿಂದ ಹೆಚ್ಚುಕಮ್ಮಿ ಇಲ್ಲವಾದವು. ಹೊಡೆದವನಿಗಿಂತ ತಪ್ಪಿಸಿಕೊಂಡವನಿಗೆ ಲಾಭ ಅನ್ನುವ ಆಟವಾಯಿತು.

ಅದರ ಜೊತೆ ಮೆಟಾ ನೈಟ್ ಅನ್ನುವ ಒಂದು ಪಾತ್ರ ಎಲ್ಲರಿಗಿಂತ ಮೇಲೆ ಕೂತಿತು. ಪುಟ್ಟ ಮೈ, ರೆಕ್ಕೆ, ಮಿಂಚಿನಂಥ ಕತ್ತಿ. ಅವನ ಎದುರು ಗಟ್ಟಿಯಾಗಿ ನಿಲ್ಲಬಲ್ಲ ಪಾತ್ರ ಒಂದೂ ಇಲ್ಲ ಅಂತ ಆಟಗಾರರು ವರ್ಷಗಟ್ಟಲೆ ವಾದ ಮಾಡಿದರು. ಕೊನೆಗೆ 2011 ರಲ್ಲಿ ಅಮೆರಿಕದಲ್ಲಿ ಟೂರ್ನಮೆಂಟ್ ನಡೆಸುವವರ ಒಂದು ಸಮಿತಿ ಅವನನ್ನು ನಿಷೇಧಿಸುವ ನಿರ್ಧಾರ ಮಾಡಿತು. ಪಾತ್ರಗಳ ಬಲಾಬಲದ ಪಟ್ಟಿಯ ತಳದಲ್ಲಿ ಗ್ಯಾನನ್‌ಡಾರ್ಫ್ ಇದ್ದ. ದೊಡ್ಡ ದೇಹ, ಭಯಂಕರ ಏಟು. ಆದರೆ ಕೈ ಎತ್ತುವ ಹೊತ್ತಿಗೆ ಎದುರಾಳಿ ಹಿಂದೆ ಹೋಗಿ ನಿಂತಿರುತ್ತಿದ್ದ.

ಇಲ್ಲಿ ಎರಡು ದಾರಿ ಇದ್ದವು. ಒಂದು, ತೊಂದರೆ ಕೊಡುವ ಪಾತ್ರವನ್ನು ಹೊರಗಿಡುವುದು. ಇನ್ನೊಂದು, ಆಟವನ್ನೇ ಬಿಚ್ಚಿ ಮತ್ತೆ ಜೋಡಿಸುವುದು. ಪ್ರಾಜೆಕ್ಟ್ ಎಂ ಎರಡನೇ ದಾರಿ ಹಿಡಿಯಿತು. ನನಗೆ ಇವರ ಮೇಲೆ ಇರುವ ಗೌರವ ಅದಕ್ಕೇ.

ಶುರುವಾಗಿದ್ದು ಬಹಳ ಚಿಕ್ಕದಾಗಿ. ಬ್ರಾಲ್‌ನ ಫಾಲ್ಕೊ ಅನ್ನುವ ಒಂದೇ ಪಾತ್ರವನ್ನು ಮೆಲೀಯಲ್ಲಿದ್ದ ಹಾಗೆ ಮಾಡಬೇಕು ಅನ್ನುವುದಷ್ಟೇ ಆಸೆ. ಒಂದು ಪಾತ್ರ ಹೋಗಿ ಹತ್ತಾಯಿತು. 2011 ರ ಫೆಬ್ರವರಿಯಲ್ಲಿ ಮೊದಲ ಡೆಮೊ ಬಂತು. ಎಡವಿ ಬೀಳುವುದನ್ನು ತೆಗೆದರು. ಹಿಟ್‌ಸ್ಟನ್ ವಾಪಸ್ ತಂದರು. ಗಾಳಿಯಲ್ಲಿ ಹೊಡೆದು ನೆಲಕ್ಕೆ ಇಳಿಯುವಾಗ ಸರಿಯಾದ ಗಳಿಗೆಯಲ್ಲಿ ಬಟನ್ ಒತ್ತಿದರೆ ಸುಧಾರಿಸಿಕೊಳ್ಳುವ ಹೊತ್ತು ಅರ್ಧಕ್ಕೆ ಇಳಿಯುವ ಎಲ್-ಕ್ಯಾನ್ಸಲ್ ತಂದರು. ಎಲ್ಲರೂ ಸಂಬಳ ಇಲ್ಲದೆ, ಓದು ಕೆಲಸಗಳ ನಡುವೆ ಮಾಡಿದವರು.

ನನಗೆ ಇದು ಸಿಕ್ಕಿದ್ದು 2014 ರಲ್ಲಿ. ದೊಡ್ಡಪ್ಪನ ಮಗ ಅಮೆರಿಕದಿಂದ ಬರುವಾಗ ತನ್ನ ಹಳೆಯ ವೀ ಮತ್ತು ಬ್ರಾಲ್ ಡಿಸ್ಕ್ ತಂದಿದ್ದ. ಪ್ರಾಜೆಕ್ಟ್ ಎಂ ಹಾಕಲು ಯಂತ್ರ ಬಿಚ್ಚಬೇಕಾಗಿಲ್ಲ, ಒಳಗೆ ಬೇರೇನೂ ಕೂರಿಸಬೇಕಾಗಿಲ್ಲ. ಬ್ರಾಲ್‌ನಲ್ಲಿ ನಾವೇ ಅಂಗಳ ಕಟ್ಟುವ ಸ್ಟೇಜ್ ಬಿಲ್ಡರ್ ಇದೆ. ಅದು ಎಸ್‌ಡಿ ಕಾರ್ಡಿನಿಂದ ಅಂಗಳದ ಫೈಲ್ ಓದುವಾಗ ಒಂದು ದೋಷ ಇದೆ. ಆ ಕಿಂಡಿಯಿಂದಲೇ ಇಡೀ ಮಾಡ್ ಒಳಗೆ ಬರುತ್ತದೆ. ಆದರೆ ಕಾರ್ಡ್ 2 ಜಿಬಿ ಮೀರುವ ಹಾಗಿಲ್ಲ. ಅಷ್ಟು ಚಿಕ್ಕ ಕಾರ್ಡಿಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದೆ. ಎಲ್ಲರೂ 8 ಜಿಬಿ, 16 ಜಿಬಿ ತೋರಿಸುತ್ತಿದ್ದರು. ಕೊನೆಗೆ ಒಬ್ಬರು ಮೂಲೆಯ ಡಬ್ಬದಿಂದ ಹಳೇ ಕ್ಯಾಮೆರಾದ ಕಾರ್ಡೊಂದನ್ನು ಹುಡುಕಿ ಕೊಟ್ಟರು. ಆ ರಾತ್ರಿ ಸ್ಟೇಜ್ ಬಿಲ್ಡರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಹೊಸ ಹೆಸರಿನ ಪರದೆ ಬಂತು. ನಾವಿಬ್ಬರೂ ಎದ್ದು ನಿಂತುಬಿಟ್ಟೆವು.

ಸ್ವಲ್ಪ ದಿನ ಆಡಿದ ಮೇಲೆ ನನಗೂ ಒಳಗೆ ಕೈಹಾಕುವ ಆಸೆ ಬಂತು. ಬ್ರಾಲ್‌ನಲ್ಲಿ ಪ್ರತಿ ಪಾತ್ರದ ಹೊಡೆತಗಳೂ ಒಂದು ಫೈಲ್‌ನಲ್ಲಿರುತ್ತವೆ. ಅದನ್ನು ತೆರೆಯಲು ಅಭಿಮಾನಿಗಳು ಮಾಡಿದ ಸಾಧನಗಳಿವೆ. ತೆರೆದರೆ ಒಳಗೆ ಕಾಣುವುದು ಅಡುಗೆ ಬರೆದಿಟ್ಟ ಹಾಗೆ, ಒಂದರ ಕೆಳಗೆ ಒಂದು ಆಜ್ಞೆ. ಇಷ್ಟು ಫ್ರೇಮ್ ಕಾಯಿ. ಇಂಥ ಎಲುಬಿನ ಮೇಲೆ, ಇಷ್ಟು ದಪ್ಪದ ಹಿಟ್‌ಬಾಕ್ಸ್ ಇಡು. ಇಷ್ಟು ಡ್ಯಾಮೇಜ್, ಈ ಕೋನ, ಇಷ್ಟು ತಳ್ಳುವ ಬಲ. ಮತ್ತೆ ಇಷ್ಟು ಕಾಯಿ. ಹಿಟ್‌ಬಾಕ್ಸ್ ತೆಗೆ. ಬೆಂಕಿ, ಮಿಂಚು, ಕೂಗು ಎಲ್ಲದರ ಹಿಂದೆ ಇರುವುದು ಇಷ್ಟೇ.

ಕೋನದ ವಿಷಯದಲ್ಲಿ ಒಂದು ಸೋಜಿಗ ಹೇಳಲೇಬೇಕು. ಎಷ್ಟೋ ಹೊಡೆತಗಳಲ್ಲಿ ಕೋನ ಅಂತ 361 ಬರೆದಿರುತ್ತದೆ. ವೃತ್ತಕ್ಕೆ ಇರುವುದು 360 ಡಿಗ್ರಿ. 361 ಅಂದರೆ ಒಂದು ಗುಪ್ತ ಸೂಚನೆ. ನೆಲದ ಮೇಲಿರುವವನಿಗೆ ಮೆಲ್ಲನೆ ತಗಲಿದರೆ ನೆಲದ ಉದ್ದಕ್ಕೂ ಜಾರಿಸು, ಜೋರಾಗಿ ತಗಲಿದರೆ ಓರೆಯಾಗಿ ಮೇಲಕ್ಕೆ ಹಾರಿಸು ಅಂತ. ಸರಣಿಯ ನಿರ್ದೇಶಕ ಮಸಾಹಿರೊ ಸಕುರಾಯ್ ಹೆಸರಿನಿಂದ ಆಟಗಾರರು ಇದನ್ನು ಸಕುರಾಯ್ ಕೋನ ಅನ್ನುತ್ತಾರೆ. ಗೊತ್ತಿಲ್ಲದೆ ಇದನ್ನು 45 ಮಾಡಿದರೆ ಸಣ್ಣ ಏಟಿಗೂ ಎದುರಾಳಿ ಓರೆಯಾಗಿ ಮೇಲೇಳುತ್ತಾನೆ. ಆ ಹೊಡೆತದ ಸ್ವಭಾವವೇ ಕೆಟ್ಟಿತು.

ನಾನು ಮೊದಲು ಕೈಯಿಟ್ಟಿದ್ದು ಗ್ಯಾನನ್‌ಡಾರ್ಫ್ ಮೇಲೆ. ಪಾಪ, ತಳದಲ್ಲಿದ್ದಾನೆ, ಮೇಲೆತ್ತೋಣ ಅಂತ. ಅವನು ನಿಂತಲ್ಲೇ ಮುಂದಕ್ಕೆ ಒದೆಯುವ ಒಂದು ಹೊಡೆತ ಇದೆ. ಅದನ್ನು ನಾಲ್ಕು ಫ್ರೇಮ್ ಬೇಗ ಮಾಡಿದೆ. ಮೊದಲ ಸಲ ಕಾಯುವ ಸಂಖ್ಯೆಯನ್ನಷ್ಟೇ ಬದಲಿಸಿದ್ದರಿಂದ ಕಾಲು ಮುಂದೆ ಬರುವ ಮೊದಲೇ ಏಟು ಹೊರಟಿತು. ಹಿಟ್‌ಬಾಕ್ಸ್ ಎಲುಬಿಗೆ ಅಂಟಿಕೊಂಡಿರುತ್ತದಲ್ಲ, ಕಾಲು ಇನ್ನೂ ಮಡಚಿದ್ದಾಗಲೇ ಏಟು ಹುಟ್ಟಿ ಹೊಟ್ಟೆಯ ಹತ್ತಿರವೇ ಮುಗಿದುಹೋಯಿತು. ಆಮೇಲೆ ಕಾಲಿನ ಚಲನೆಯ ವೇಗವನ್ನೂ ಹೆಚ್ಚಿಸಿದೆ. ಆಗ ಸರಿಹೋಯಿತು.

ನಾಲ್ಕು ಫ್ರೇಮ್ ಅಂದರೆ ಸೆಕೆಂಡಿನ ಹದಿನೈದನೇ ಒಂದು ಭಾಗ. ಅಷ್ಟರಿಂದ ಏನಾಗುತ್ತದೆ ಅನ್ನಿಸಬಹುದು. ಮನುಷ್ಯನಿಗೆ ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ಸುಮಾರು ಕಾಲು ಸೆಕೆಂಡ್ ಬೇಕು. ಅಂದರೆ 12 ರಿಂದ 15 ಫ್ರೇಮ್. ಅದಕ್ಕಿಂತ ನಿಧಾನದ ಹೊಡೆತವನ್ನು ನೋಡಿ ತಪ್ಪಿಸಿಕೊಳ್ಳಬಹುದು. ಅದಕ್ಕಿಂತ ಬೇಗ ಬಂದರೆ ಮೊದಲೇ ಊಹಿಸಬೇಕು. ವೇಗ ಹೆಚ್ಚಾದಷ್ಟೂ ಎದುರಾಳಿಗೆ ಕಣ್ಣಿನಿಂದ ಸಿಗುವ ಸಹಾಯ ಕಮ್ಮಿ.

ಅವತ್ತು ಸಂಜೆ ಅಣ್ಣನ ಎದುರು ಎಂಟು ಪಂದ್ಯ ಸತತವಾಗಿ ಗೆದ್ದೆ. ಒಂಬತ್ತನೆಯದಕ್ಕೆ ಅವನು ಕಂಟ್ರೋಲರ್ ಕೆಳಗಿಟ್ಟ. “ನೀನು ಬರೀ ಒದೀತಾ ಇದ್ದೀಯಲ್ಲೋ, ಬೇರೆ ಏನಾದ್ರೂ ಮಾಡಿದ್ಯಾ?” ಅಂದ. ನೆನಪು ಮಾಡಿಕೊಂಡರೆ ನಿಜ. ಗ್ಯಾನನ್‌ಡಾರ್ಫ್‌ನ ಉಳಿದ ಇಪ್ಪತ್ತು ಹೊಡೆತಗಳನ್ನು ನಾನು ಮುಟ್ಟಿಯೇ ಇರಲಿಲ್ಲ. ದುರ್ಬಲನೊಬ್ಬನನ್ನು ಮೇಲೆತ್ತಲು ಹೋಗಿ ಅವನನ್ನು ಒಂದು ಒದೆತಕ್ಕೆ ಇಳಿಸಿಬಿಟ್ಟಿದ್ದೆ. ಎದುರಿಗಿದ್ದವನಿಗೆ ಮಾಡಲು ಏನೂ ಉಳಿಸಿರಲಿಲ್ಲ.

ಅಣ್ಣನ ಆ ಮಾತು ನನ್ನ ಮಟ್ಟಿಗೆ ದೊಡ್ಡ ಪಾಠ. ಒಂದು ಪಾತ್ರ ಸರಿಯಾಗಿದೆಯಾ ಅಂತ ಕೇಳಬೇಕಾದ್ದು ಆ ಪಾತ್ರ ಆಡುವವರನ್ನಲ್ಲ. ಎದುರು ಕೂತವರನ್ನು. ಅವರಿಗೆ ಯೋಚಿಸಲು, ಮಾಡಲು ಏನಾದರೂ ಉಳಿದಿದೆಯಾ? ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಮ್ಯೂಟೂನ ಕಥೆ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಾಜೆಕ್ಟ್ ಎಂ 3.0 ಬಂದಿದ್ದು 2013 ರ ಡಿಸೆಂಬರ್ 9 ರಂದು. ಅದರಲ್ಲಿ ಮ್ಯೂಟೂ ಮತ್ತು ರಾಯ್ ವಾಪಸ್ ಬಂದರು. ಬ್ರಾಲ್‌ಗೆ ಹೊಸ ಪಾತ್ರ ಸೇರಿಸಲು ಜಾಗವೇ ಇರಲಿಲ್ಲ. ಇರುವ ಪಾತ್ರದ ಪ್ರತಿ ತೆಗೆದು, ಅದನ್ನು ಹೊಸ ಪಾತ್ರವಾಗಿ ತಿದ್ದುವ ಒಂದು ವ್ಯವಸ್ಥೆಯನ್ನು ತಂಡ ಕಟ್ಟಿತು. ರಾಯ್‌ಗೆ ಅಡಿಪಾಯ ಮಾರ್ತ್. ಮ್ಯೂಟೂಗೆ ಅಡಿಪಾಯ ಲುಕಾರಿಯೊ. ಬ್ರಾಲ್‌ನಲ್ಲಿ ಯಾರ ಬದಲು ಲುಕಾರಿಯೊ ಬಂದಿದ್ದನೋ, ಅವನ ಬೆನ್ನ ಮೇಲೆ ಹತ್ತಿ ಅದೇ ಮ್ಯೂಟೂ ವಾಪಸ್ ಬಂದ. ನನಗೆ ಇದು ಬಹಳ ಇಷ್ಟ.

ಈಗ ನೀವೇ ಆ ತಂಡದಲ್ಲಿ ಇದ್ದೀರಿ ಅಂದುಕೊಳ್ಳಿ. ಮ್ಯೂಟೂನನ್ನು ಹೇಗೆ ಬಲಪಡಿಸುತ್ತೀರಿ? ಸುಲಭದ ಉತ್ತರ, ತೂಕ ಹೆಚ್ಚಿಸಿ. 85 ನ್ನು 110 ಮಾಡಿ. ಆದರೆ ತೂಕ ಎರಡು ಅಲಗಿನ ಕತ್ತಿ. ಭಾರದವನು ಬೇಗ ಸಾಯುವುದಿಲ್ಲ, ನಿಜ. ಜೊತೆಗೆ ಏಟು ತಿಂದ ಮೇಲೆ ದೂರ ಹೋಗುವುದೂ ಇಲ್ಲ. ಹೊಡೆದವನ ಕೈಗೆ ಸಿಗುವಷ್ಟು ಹತ್ತಿರವೇ ಉಳಿಯುತ್ತಾನೆ. ಎರಡನೇ ಏಟು, ಮೂರನೇ ಏಟು ಬೀಳುತ್ತಲೇ ಇರುತ್ತದೆ. ಇಷ್ಟು ಎತ್ತರದ ಮೈಗೆ ಅದು ಇನ್ನೂ ಕಷ್ಟ. ಹೋಗಲಿ, ಏಟಿನ ಬಲ ಹೆಚ್ಚಿಸೋಣ ಅಂದರೆ ನನ್ನ ಗ್ಯಾನನ್‌ಡಾರ್ಫ್‌ಗೆ ಆದ ಗತಿಯೇ ಆಗುತ್ತದೆ.

ತಂಡ ಕೇಳಿಕೊಂಡ ಪ್ರಶ್ನೆ ಬೇರೆ ಅಂತ ಅವರ ಕೆಲಸ ನೋಡಿದರೆ ತಿಳಿಯುತ್ತದೆ. ಮ್ಯೂಟೂ ಅಂದರೆ ಯಾರು? ಮನಸ್ಸಿನ ಬಲದಿಂದ ತೇಲುವವನು. ಕಣ್ಣೆದುರೇ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವವನು. ಹಾಗಾದರೆ ಅವನ ಬಲ ಮೈಯಲ್ಲಿ ಇರಬೇಕಾಗಿಲ್ಲ, ಚಲನೆಯಲ್ಲಿ ಇದ್ದರೆ ಸಾಕು. ಅದಕ್ಕೇ ಅವನಿಗೆ ಹೋವರ್ ಕೊಟ್ಟರು. ಗಾಳಿಯಲ್ಲಿ ಸ್ವಲ್ಪ ಹೊತ್ತು ಬೀಳದೆ ತೇಲುತ್ತಾ ಹಿಂದೆ ಮುಂದೆ ಸರಿದಾಡಬಹುದು. ಇಂಥದ್ದು ಮೆಲೀಯಲ್ಲಿ ಪೀಚ್ ರಾಜಕುಮಾರಿಗೆ ಮೊದಲೇ ಇತ್ತು. ಅವಳು ಎರಡೂವರೆ ಸೆಕೆಂಡ್ ತೇಲಬಲ್ಲಳು. ಮ್ಯೂಟೂ ಎತ್ತರದವನಾಗಿ, ಹಗುರದವನಾಗಿ ಹಾಗೇ ಉಳಿದ. ಆದರೆ ಈಗ ಅವನ ಹತ್ತಿರ ಹೋಗುವುದೇ ಒಂದು ಸವಾಲಾಯಿತು. ಹಳೆಯ ದೌರ್ಬಲ್ಯಕ್ಕೆ ಒಂದು ಅರ್ಥ ಬಂತು. ಹಿಡಿದರೆ ಬೀಳುತ್ತಾನೆ, ಹಿಡಿಯುವುದೇ ಕಷ್ಟ.

ಯೋಚನೆ ಚೆನ್ನಾಗಿತ್ತು. ಆದರೆ ಅಳತೆ ತಪ್ಪಿತು. 3.0 ಮತ್ತು ಅದರ ಹಿಂದೆಯೇ ಬಂದ 3.02 ರಲ್ಲಿ ಮ್ಯೂಟೂ ಅತ್ಯಂತ ಬಲಶಾಲಿಗಳ ಸಾಲಿಗೆ ಹೋಗಿ ಕೂತ. ಹೋವರ್ ಒಂದೇ ಇದ್ದಿದ್ದರೆ ಸಹಿಸಬಹುದಿತ್ತು. ಮಾಯವಾಗಿ ಇನ್ನೊಂದು ಕಡೆ ಬರುವ ಟೆಲಿಪೋರ್ಟ್ ಒಂದೇ ಇದ್ದಿದ್ದರೂ ಸರಿ. ಎರಡೂ ಒಬ್ಬನ ಕೈಯಲ್ಲಿ ಇದ್ದಾಗ ಅವನು ಎಲ್ಲಿಂದ ಬರುತ್ತಾನೆ ಅಂತ ಎದುರಾಳಿ ಊಹಿಸುವುದೇ ಕಷ್ಟವಾಯಿತು. ಅಂಗಳದಿಂದ ಹೊರಗೆ ಹೊಡೆದು ಹಾಕಿದರೂ ವಾಪಸ್ ಬರಲು ನಾಲ್ಕು ದಾರಿ. ಬಾಗಿಲು ಕಾಯುವವನು ಯಾವ ಬಾಗಿಲಲ್ಲಿ ನಿಲ್ಲಬೇಕು?

ಬರೀ ಮ್ಯೂಟೂ ಅಂತಲ್ಲ. ಆ ಆವೃತ್ತಿಯಲ್ಲಿ ಬಹಳಷ್ಟು ಪಾತ್ರಗಳ ರಿಕವರಿ ಅತಿಯಾಗಿತ್ತು. ಯಾಕೆ ಹಾಗಾಯಿತು ಅನ್ನುವುದಕ್ಕೆ ನನ್ನದೊಂದು ಅಭಿಪ್ರಾಯ ಇದೆ. ಪ್ರತಿ ಪಾತ್ರವನ್ನೂ ಅದನ್ನು ಪ್ರೀತಿಸುವವರೇ ತಿದ್ದುತ್ತಾರೆ. ಪ್ರೀತಿಸುವವರು ಮಗುವಿಗೆ ತಟ್ಟೆ ತುಂಬ ಬಡಿಸುತ್ತಾರೆ. ಇನ್ನೊಂದು ತುತ್ತು, ಇನ್ನೊಂದು ತುತ್ತು. ಸಾಕು ಅನ್ನುವುದಕ್ಕೆ ಮನಸ್ಸು ಬರುವುದಿಲ್ಲ.

ಲೆಕ್ಕವನ್ನೂ ನೋಡಿ. 3.0 ರಲ್ಲಿ ಒಟ್ಟು 41 ಪಾತ್ರಗಳು. ಇಬ್ಬಿಬ್ಬರ ಜೋಡಿ ಮಾಡಿದರೆ 820 ಬೇರೆ ಬೇರೆ ಪಂದ್ಯಗಳಾಗುತ್ತವೆ. ಮ್ಯೂಟೂನ ಒಂದು ಹೊಡೆತದ ಒಂದು ಫ್ರೇಮ್ ಬದಲಿಸಿದರೆ ಅದರಲ್ಲಿ 40 ಪಂದ್ಯ ಅಲುಗಾಡುತ್ತವೆ. ದಪ್ಪಗಿರುವ ಬೌಸರ್ ಎದುರು ಸರಿಯಾಗಿ ಕೂತದ್ದು, ಪುಟ್ಟ ಪಿಕಾಚು ಎದುರು ತಲೆಯ ಮೇಲೆ ಹಾದುಹೋಗುತ್ತದೆ. ಇದನ್ನೆಲ್ಲ ಕಾಗದದ ಮೇಲೆ ಕಂಡುಹಿಡಿಯಲು ಆಗುವುದಿಲ್ಲ. ಸಾವಿರಾರು ಜನ ಆಡಿ ಆಡಿಯೇ ತಿಳಿಯಬೇಕು.

2014 ರ ನವೆಂಬರ್‌ನಲ್ಲಿ 3.5 ಬಂತು. ಈ ಸಲ ತಂಡ ಧೈರ್ಯ ಮಾಡಿತು. ಪಾತ್ರಗಳ ರಿಕವರಿಗಳನ್ನು ಕತ್ತರಿಸಿತು. ಕೆಲವರ ಅತಿಯಾದ ಅನುಕೂಲಗಳನ್ನು ತೆಗೆಯಿತು. ಮ್ಯೂಟೂನ ಓಡಾಟದ ಸ್ವಾತಂತ್ರ್ಯಕ್ಕೂ ಕಡಿವಾಣ ಬಿತ್ತು. ಆಟಗಾರರ ಭಾಷೆಯಲ್ಲಿ ಇದನ್ನು ನರ್ಫ್ ಅನ್ನುತ್ತಾರೆ. ಬಲ ಕೊಡುವ ಬಫ್‌ಗೆ ಚಪ್ಪಾಳೆ ಸಿಗುತ್ತದೆ. ನರ್ಫ್‌ಗೆ ಬೈಗುಳ ಸಿಗುತ್ತದೆ. ತಿಂಗಳುಗಟ್ಟಲೆ ಮ್ಯೂಟೂನನ್ನು ಕಲಿತವರಿಗೆ ಬೆಳಗಾಗುವಷ್ಟರಲ್ಲಿ ಕೈ ಕಟ್ಟಿದ ಹಾಗಾಯಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ತಂಡ ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ತೇಲುವುದನ್ನು ಅವರು ಕಿತ್ತುಕೊಳ್ಳಲಿಲ್ಲ. ಮೆಲೀಯ ಬಡಪಾಯಿ ಮ್ಯೂಟೂನಲ್ಲಿಗೆ ವಾಪಸ್ ಕಳಿಸಲಿಲ್ಲ. ಒಳ್ಳೆಯ ಪಾತ್ರವಾಗಿಯೇ ಉಳಿಸಿದರು. ತೇಲಿದ್ದಕ್ಕೆ, ಮಾಯವಾದದ್ದಕ್ಕೆ ಬೆಲೆ ಕೊಡಬೇಕು ಅನ್ನುವ ಹಾಗೆ ಮಾಡಿದರು, ಅಷ್ಟೆ.

ಇದೇ ಕೆಲಸ ಬೇರೆ ಪಾತ್ರಗಳಲ್ಲಿ ಹೇಗೆ ಆಯಿತು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಬ್ರಾಲ್‌ನಲ್ಲಿ ಲುಕಾರಿಯೊ ಏಟು ತಿಂದಷ್ಟೂ ಬಲಶಾಲಿಯಾಗುತ್ತಿದ್ದ. ಪ್ರಾಜೆಕ್ಟ್ ಎಂ ಅವನನ್ನು ಸ್ಟ್ರೀಟ್ ಫೈಟರ್ ಥರದ ಆಟದಿಂದ ಬಂದವನ ಹಾಗೆ ಮಾಡಿತು. ಅವನ ಹೊಡೆತ ತಗಲಿದರೆ ಅದು ಮುಗಿಯುವ ಮೊದಲೇ ಅದನ್ನು ಕತ್ತರಿಸಿ ಇನ್ನೊಂದಕ್ಕೆ ಹೋಗಬಹುದು. ತಗಲದಿದ್ದರೆ ಆಗುವುದಿಲ್ಲ. ಆ ಷರತ್ತು ಎಷ್ಟು ಚೆನ್ನಾಗಿದೆ ನೋಡಿ. ಬಹುಮಾನ ಇದೆ, ಆದರೆ ಗುರಿ ಮುಟ್ಟಿದವನಿಗೆ ಮಾತ್ರ.

ರಾಯ್ ಕಥೆ ಬೇರೆ. ಅವನ ಸ್ವಂತ ಆಟ ಜಪಾನಿನಲ್ಲಿ ಬಂದಿದ್ದು 2002 ರ ಮಾರ್ಚ್‌ನಲ್ಲಿ. ಮೆಲೀಯಲ್ಲಿ ಅದಕ್ಕೂ ಮೊದಲೇ ಕಾಣಿಸಿಕೊಂಡಿದ್ದ. ಮಾರ್ತ್‌ನ ಕತ್ತಿಗೆ ತುದಿಯಲ್ಲಿ ಬಲ. ರಾಯ್‌ನದಕ್ಕೆ ಹಿಡಿಕೆಯ ಹತ್ತಿರ ಬಲ. ತುದಿಯಲ್ಲಿ ಬಲ ಇದ್ದರೆ ದೂರ ನಿಂತು ಹೊಡೆಯಬಹುದು, ಉದ್ದದ ಕತ್ತಿಗೆ ಅದು ಸರಿಹೊಂದುತ್ತದೆ. ಹಿಡಿಕೆಯ ಹತ್ತಿರ ಬಲ ಇದ್ದರೆ ಉದ್ದದ ಕತ್ತಿ ಹಿಡಿದೂ ಎದುರಾಳಿಯ ಎದೆಗೇ ಹೋಗಿ ನಿಲ್ಲಬೇಕು. ಇದೇ ಅವನ ಕಷ್ಟ. ಬಲವನ್ನು ತುದಿಗೆ ಸರಿಸಿದ್ದರೆ ಕಷ್ಟ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಜೊತೆಗೆ ರಾಯ್ ಕೂಡ ಮುಗಿಯುತ್ತಿದ್ದ, ಇನ್ನೊಬ್ಬ ಮಾರ್ತ್ ಆಗುತ್ತಿದ್ದ. ಅದನ್ನು ಅವರು ಮಾಡಲಿಲ್ಲ.

3.6 ಬಂದಿದ್ದು 2015 ರ ಆಗಸ್ಟ್‌ನಲ್ಲಿ. ಅದೇ ವರ್ಷ ಡಿಸೆಂಬರ್ 1 ರಂದು ತಂಡ ಕೆಲಸ ನಿಲ್ಲಿಸುವುದಾಗಿ ಹೇಳಿತು. ಅವತ್ತು ನನಗೆ ಮನೆಯವರೊಬ್ಬರು ಊರು ಬಿಟ್ಟು ಹೋದ ಹಾಗೆ ಅನ್ನಿಸಿತ್ತು. ಅಷ್ಟರಲ್ಲಿ ನಿಂಟೆಂಡೊ ಕೂಡ ತನ್ನ ಹೊಸ ಆಟಕ್ಕೆ ಮ್ಯೂಟೂನನ್ನು ವಾಪಸ್ ತಂದಿತ್ತು, 2015 ರ ಏಪ್ರಿಲ್‌ನಲ್ಲಿ. ಆ ಮ್ಯೂಟೂ ಕೂಡ ಎತ್ತರ, ಹಗುರ. ಅವನೂ ಮೊದಲು ದುರ್ಬಲ ಅನ್ನಿಸಿಕೊಂಡು, ಮುಂದಿನ ಪ್ಯಾಚ್‌ಗಳಲ್ಲಿ, ಅಂದರೆ ಆಟ ಬಂದ ಮೇಲೆ ಕಳಿಸುವ ತಿದ್ದುಪಡಿಗಳಲ್ಲಿ, ಸ್ವಲ್ಪ ಸ್ವಲ್ಪವೇ ಬಲ ಪಡೆದ. ಪ್ರಾಜೆಕ್ಟ್ ಎಂ ಬಿಟ್ಟ ಕಡೆಯಿಂದ ಬೇರೆ ಅಭಿಮಾನಿಗಳು ಪ್ರಾಜೆಕ್ಟ್ ಪ್ಲಸ್ ಅಂತ ಮುಂದುವರಿಸಿದ್ದಾರೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು, “ಸಾರ್, ಎಲ್ಲರನ್ನೂ ಸಮ ಮಾಡೋಕೆ ಆಗುತ್ತಾ?” ಅಂತ. ಆಗುತ್ತದೆ, ಎಲ್ಲರಿಗೂ ಒಂದೇ ಮೈ, ಒಂದೇ ಹೊಡೆತ ಕೊಟ್ಟರೆ ಆಗುತ್ತದೆ ಅಂದೆ. ಹಾಗೆ ಬೇಡ ಅನ್ನುವುದಾದರೆ ಸ್ವಲ್ಪ ಏರುಪೇರು ಇರುತ್ತದೆ. ಚೆನ್ನಮಣೆಯಲ್ಲಿ ಇಬ್ಬರ ಗುಳಿಗಳಲ್ಲೂ ಅಷ್ಟೇ ಬೀಜ. ಆದರೂ ಮೊದಲು ಆಡುವವರು ಯಾರು ಅಂತ ನಾವು ಜಗಳ ಆಡಿಲ್ವಾ?

ಕಳೆದ ದೀಪಾವಳಿಗೆ ಅಣ್ಣ ಮತ್ತೆ ಬಂದಿದ್ದ. ಅದೇ ವೀ, ಅದೇ 2 ಜಿಬಿ ಕಾರ್ಡ್. ನಾನು ಗ್ಯಾನನ್‌ಡಾರ್ಫ್ ತೆಗೆದುಕೊಂಡೆ, ತಿದ್ದದೆ ಇರುವವನನ್ನು. ಅಣ್ಣ ಮ್ಯೂಟೂ ತೆಗೆದುಕೊಂಡ. ಮೂರು ಪಂದ್ಯ ನಾನು ಅವನ ಬಾಲದ ಹತ್ತಿರಕ್ಕೂ ಹೋಗಲಾಗಲಿಲ್ಲ. ನಾಲ್ಕನೆಯದರಲ್ಲಿ ಅವನು ನನ್ನ ತಲೆಯ ಮೇಲೆ ತೇಲುತ್ತಾ ನಿಂತ. ಹಿಂದೆ ಸರಿದ, ಮುಂದೆ ಬಂದ, ಮತ್ತೆ ಹಿಂದೆ ಸರಿದ. ನಾನು ಬಟನ್ ಮೇಲಿನ ಬೆರಳು ಎತ್ತಿ ಸುಮ್ಮನೆ ನಿಂತೆ. ಈಗ ಮಾಯವಾಗುತ್ತಾನೆ, ನನ್ನ ಬೆನ್ನ ಹಿಂದೆ ಬರುತ್ತಾನೆ ಅಂತ ಮನಸ್ಸು ಹೇಳಿತು. ತಿರುಗಿ, ಖಾಲಿ ಗಾಳಿಗೆ ಒದೆತ ಶುರು ಮಾಡಿದೆ. ಕಾಲು ಪೂರ್ತಿ ಚಾಚುವ ಹೊತ್ತಿಗೆ ಮ್ಯೂಟೂ ಅಲ್ಲೇ ಬಂದು ನಿಂತ. ಹಗುರ ಮೈ, ನೇರ ಅಂಗಳದ ಆಚೆ ಹಾರಿದ. ಅಣ್ಣ ಜೋರಾಗಿ ನಕ್ಕು, ಇನ್ನೊಂದು ಆಡೋಣ ಬಾ ಅಂದ.